ನೆಂಟರ ಕೈಲಿ ಆಲಿಕಲ್ಲು ಸುರಿಸಿದ ಅತ್ತೆ

ನಮ್ಮ ಸೋದರತ್ತೆಯಷ್ಟು ಆಲಿಕಲ್ಲು ಮಳೆ ಸುರಿಸಿದವರು ಇಡೀ ಶಿವಮೊಗ್ಗದಲ್ಲಿ ಇನ್ನೊಬ್ಬರಿಲ್ಲ. ವರುಣದೇವನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಅವಳ ಮಳೆಯಲ್ಲಿ ಯಾರೂ ನೆನೆಯುತ್ತಿರಲಿಲ್ಲ, ಅಷ್ಟೇ. ಎಲ್ಲ ಕಾಗದದ ಮೇಲೆ.

ಅರವತ್ತರ ದಶಕದ ಮಾತು. ಅತ್ತೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಮೇಡಂ. ಮದುವೆಯಾಗಿರಲಿಲ್ಲ. ಶಾಲೆಗೆ ಹತ್ತಿರವೆಂದು ನಮ್ಮಿಂದ ನಾಲ್ಕು ಬೀದಿ ಆಚೆ ಒಬ್ಬಳೇ ಮನೆ ಮಾಡಿಕೊಂಡಿದ್ದಳು. ಪರದೇಶದಲ್ಲಿ ನಕ್ಷೆಯನ್ನು ಚೌಕಚೌಕವಾಗಿ ಭಾಗ ಮಾಡಿ, ಒಂದೊಂದು ಚೌಕದ ಗಾಳಿ, ಬಿಸಿ, ತೇವದ ಅಂಕಿಗಳನ್ನು ಯಂತ್ರಕ್ಕೆ ಉಣಿಸಿ, ಬರಲಿರುವ ಮಳೆಯನ್ನು ಲೆಕ್ಕದಲ್ಲೇ ನಡೆಸಿ ನೋಡುತ್ತಾರೆಂದು ಎಲ್ಲೋ ಓದಿದಳು. ಅಲ್ಲಿಗೆ ನಮ್ಮ ನೆಮ್ಮದಿ ಮುಗಿಯಿತು.

"ಅವರ ಹತ್ರ ಯಂತ್ರ ಇದೆ. ನಿನ್ನ ಹತ್ರ ಏನಿದೆ?" ಎಂದು ಅಪ್ಪ ಕೇಳಿದರು.

"ನೆಂಟರಿದ್ದಾರಲ್ಲ ಮಾರಾಯ!"

ಭಾನುವಾರ ಅವಳ ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹನ್ನೆರಡು ಚೌಕ ಬಿದ್ದವು. ಆ ತುದಿ ತ್ಯಾವರೆಕೊಪ್ಪ, ಈ ತುದಿ ಭದ್ರಾವತಿ. ಚೌಕಕ್ಕೊಬ್ಬ ನೆಂಟ, ಕೈಗೊಂದು ಪೆನ್ಸಿಲ್ಲು. ಓದು ಬಾರದ ಅಜ್ಜಿಯೇ ಮೋಡ! ಒಂದು ಚೌಕದ ಉತ್ತರದ ಚೀಟಿಯನ್ನು ಪಕ್ಕದ ಚೌಕಕ್ಕೆ ಸಾಗಿಸುವುದು ಅವರ ಕೆಲಸ. "ಸೊಂಟ ಹಿಡ್ಕೊಂಡಿದೆ ಕಣೇ" ಎಂದು ಅಜ್ಜಿ ಕುಳಿತರೆ ಮಳೆ ವಿದ್ಯಾನಗರದ ಚೌಕದಲ್ಲೇ ನಿಂತುಬಿಡುತ್ತಿತ್ತು.

ಸೋಮವಾರದ ಮಳೆಯ ಲೆಕ್ಕ ಗುರುವಾರ ಮುಗಿಯಿತು.

"ಮಳೆ ಬಂದು ಹೋಗಿ ನೆಲವೂ ಒಣಗಿತಲ್ಲೇ!" ಎಂದರು ಅಪ್ಪ.

"ಬಂದಿದ್ದು ಸರಿಯಾಗಿ ಬಂತೋ ಇಲ್ವೋ ನೋಡ್ಬೇಡ್ವಾ?"

ನನ್ನನ್ನು ನೋಡಲು ಭದ್ರಾವತಿಯಿಂದ ಗಂಡಿನವರು ಬಂದದ್ದೂ ಒಂದು ಭಾನುವಾರವೇ. ಗಂಡು ಕಾರ್ಖಾನೆಯಲ್ಲಿ ಗುಮಾಸ್ತ. ಅತ್ತೆಯ ಮನೆಗೂ ಒಮ್ಮೆ ಹೋಗಿಬರಲೆಂದು ಕರೆದೊಯ್ದದ್ದೇ ತಪ್ಪಾಯಿತು. ಉಪ್ಪಿಟ್ಟು ಬರುವ ಮೊದಲೇ ಅತ್ತೆ ಗುಮಾಸ್ತರನ್ನು ಭದ್ರಾವತಿ ಚೌಕದಲ್ಲಿ ಕೂರಿಸಿದ್ದಳು! ಅವರು ಬೆವರುತ್ತಾ ಗುಣಿಸಿದರು. ಉತ್ತರ ನೋಡಿದ ಅತ್ತೆ ಹೌಹಾರಿದಳು:

"ಭದ್ರಾವತಿ ಮೇಲೆ ಕುಂಬಳಕಾಯಿ ಗಾತ್ರದ ಆಲಿಕಲ್ಲು!"

"ಅಯ್ಯೋ, ಹಪ್ಪಳ ಒಣಗಿಹಾಕಿ ಬಂದಿದ್ದೀನಲ್ಲ!" ಎಂದು ಗಂಡಿನ ತಾಯಿ ಎದ್ದೇಬಿಟ್ಟರು.

ಗಂಡು ಮೆಲ್ಲಗೆ ಕೈಯೆತ್ತಿದರು. "ಕ್ಷಮಿಸಿ ಮೇಡಂ, ದಶಾಂಶದ ಚುಕ್ಕೆ ಬಿಟ್ಟಿದ್ದೀನಿ."

ಅತ್ತೆ ನನ್ನನ್ನು ಒಳಗೆ ಎಳೆದು, "ಒಪ್ಕೊಂಬಿಡೇ. ತಪ್ಪನ್ನ ತಾನಾಗೇ ಹೇಳೋ ಗಂಡಸು ಮತ್ತೆ ಸಿಗಲ್ಲ" ಎಂದಳು. ಒಪ್ಪಿಕೊಂಡೆ.

ಮದುವೆಯ ನಂತರದ ಮೊದಲ ಬೇಸಿಗೆ. ಒಂದು ಮಧ್ಯಾಹ್ನ ಅತ್ತೆ ಹೇಳದೆ ಕೇಳದೆ ಭದ್ರಾವತಿಯ ನಮ್ಮ ಮನೆಗೆ ಬಂದಳು. ಯಾಕೆ ಬಂದೆಯೆಂದು ಕೇಳಿದರೆ ಕಾಫಿ ಕೇಳಿದಳು. ಕಾಫಿ ಕುಡಿಯುವಷ್ಟರಲ್ಲಿ ಆಕಾಶ ಕಪ್ಪಿಟ್ಟಿತು. ಹೆಂಚಿನ ಮೇಲೆ ಪಟಪಟ ಸದ್ದು.

"ಅತ್ತೆ, ಬಾ ಬಾ! ನಿಜವಾದ ಆಲಿಕಲ್ಲು!" ಎಂದು ತಿರುಗಿದರೆ ಅತ್ತೆಯೇ ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಮುದುರಿ ಕುಳಿತಿದ್ದಳು.

"ರಾತ್ರಿಯೆಲ್ಲ ಕೂತು ಮಳೆಗಿಂತ ಮೊದ್ಲೇ ಮುಗಿಸಿದ ಲೆಕ್ಕದಲ್ಲಿ ಇವತ್ತು ಸಿಡಿಲು ಶಿವಮೊಗ್ಗಕ್ಕೆ ಬಂದಿತ್ತು ಕಣೇ. ಅದಕ್ಕೇ ಇಲ್ಲಿಗೆ ಓಡಿ ಬಂದೆ!"

ನಗು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು. ಅತ್ತೆ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಗುಡುಗು ಅಂದ್ರೆ ನಂಗೆ ಚಿಕ್ಕಂದಿನಿಂದ್ಲೂ ಭಯ. ಲೆಕ್ಕ ಅಂತ ಕೂರಿಸ್ಕೊಂಡ್ರೆ ಮನೆ ತುಂಬ ಜನ ಇರ್ತಿದ್ರಿ. ಈಗ ಅಮ್ಮನಿಗೆ ಚೀಟಿ ಹೊತ್ತು ಓಡಾಡಕ್ಕಾಗಲ್ಲ, ಉಳಿದವರಿಗೂ ಬೇಜಾರು. ಹನ್ನೆರಡು ಚೌಕಾನೂ ನಾನೊಬ್ಳೇ ಮಾಡ್ತೀನಿ."

ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡೆ. ಮಿಂಚಿತು. ಮಗುವಿಗೆ ಹೇಳಿಕೊಡುವಂತೆ ಗಟ್ಟಿಯಾಗಿ ಎಣಿಸಿದೆ: ಒಂದು, ಎರಡು, ಮೂರು. ಗುಡುಗಿತು. ಮುಂದಿನ ಮಿಂಚಿಗೆ ಎಣಿಕೆ ಏಳರವರೆಗೆ ಹೋಯಿತು.

"ದೂರ ಹೋಗ್ತಿದೆ ಅತ್ತೆ" ಎಂದೆ.

ಅವಳು ನನ್ನ ಬೆರಳುಗಳನ್ನು ಬಿಡದೆ, "ಇನ್ನೊಂದ್ಸಲ ಎಣಿಸು" ಎಂದಳು.