ನಮ್ಮ ವೈನಿಯ ಬೇಡಿಕೆ ಶಾಸ್ತ್ರ

ಪಾಠ ಹೇಳಲೆಂದು ನೇಮಿಸಿಕೊಂಡ ಪ್ರಾಧ್ಯಾಪಕಿಯೊಬ್ಬರು ಕಾಲೇಜು ಹುಡುಗರಿಗೆ ಮನೆಮನೆಗೆ ಹೋಗಿ ಬೇಡುವುದನ್ನು ಕಲಿಸುತ್ತಾರೆಂದರೆ ನೀವು ನಂಬುತ್ತೀರಾ? ನಂಬಬೇಕು. ಏಕೆಂದರೆ ಅವರು ನನ್ನ ಸ್ವಂತ ವೈನಿ, ಅಂದರೆ ಅಣ್ಣನ ಹೆಂಡತಿ. ಅವರಿರುವ ರಾಣೆಬೆನ್ನೂರಿನ ಕಾಲೇಜಿನಲ್ಲೇ ನಾನೂ ಭೌತಶಾಸ್ತ್ರ ಹೇಳಿಕೊಂಡು ಹೇಗೋ ಬದುಕಿದ್ದೇನೆ. ಹೀಗಾಗಿ ಅವರ ಕೀರ್ತಿಯಲ್ಲಿ ನನಗೂ ಒಂದು ಪಾಲು ಬಂದಿದೆ, ನಾನು ಬೇಡದಿದ್ದರೂ!

ವೈನಿ ಅರ್ಥಶಾಸ್ತ್ರದವರು. ವಿದ್ಯಾರ್ಥಿಗಳ ಸಮಾಜಸೇವೆ ಮತ್ತು ನಾಯಕತ್ವ ತರಬೇತಿಯ ಕಾರ್ಯಕ್ರಮ ಬಹಳ ವರ್ಷಗಳಿಂದ ಅವರ ಕೈಯಲ್ಲಿತ್ತು. ಈ ವರ್ಷ ಅವರ ನಿವೃತ್ತಿ. ಪ್ರಾಚಾರ್ಯರು ಕರೆಸಿ ಖಡಾಖಂಡಿತವಾಗಿ ಹೇಳಿಬಿಟ್ಟರು: "ಮೇಡಂ, ಈ ತಿಂಗಳ ಮುಗಿಯೋದ್ರೊಳಗ ನಿಮ್ಮ ಜಾಗಾಕ್ಕ ಯಾರನ್ನರ ಕೇಳಿ ಒಪ್ಪಿಸ್ರಿ. ಯಾರೂ ಬರ್ಲಿಲ್ಲಂದ್ರ ಕಾರ್ಯಕ್ರಮಾ ಬಂದ್ ಮಾಡೋದ." ಕೇಳಬೇಕು, ಅಷ್ಟೇ. ಆದರೆ ಕಾಲೇಜಿಗೆಲ್ಲ ಕೇಳುವುದನ್ನು ಕಲಿಸಿದ ನಮ್ಮ ವೈನಿಗೆ ಈ ಭೂಮಿಯ ಮೇಲೆ ಬಾರದ ಕೆಲಸವೆಂದರೆ ಅದೊಂದೇ ಆಗಿತ್ತು.

ಮೊದಲು ಈ ಬೇಡುವ ವಿದ್ಯೆ ಹುಟ್ಟಿದ ಕತೆ ಹೇಳಿಬಿಡುತ್ತೇನೆ. ಅವರ ಮೊದಲ ಶಿಬಿರ ಕುಪ್ಪೇಲೂರಿನಲ್ಲಿ ನಡೆಯಿತು; ಕೈಗೂಡಿಸಲೆಂದು ಪ್ರತಿ ಶಿಬಿರಕ್ಕೂ ನಾನೂ ಜೊತೆಗೆ ಹೋಗುತ್ತಿದ್ದೆ. ಹುಡುಗರು ಬಿಳಿ ಟೋಪಿ ಹಾಕಿಕೊಂಡು, ತೋರಿಸಲಿಕ್ಕೆಂದು ಒಂದು ಸಾಬೂನು ಹಿಡಿದುಕೊಂಡು, ಕೈ ತೊಳೆಯುವುದರ ಮಹತ್ವ ಸಾರುತ್ತ ಓಣಿ ಓಣಿ ತಿರುಗಿದರು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಪೂರ್ತಿ ಭಾಷಣ ಕೇಳಿ, ಸಾಬೂನನ್ನು ಇಸಿದುಕೊಂಡು ಮೂಸಿ ನೋಡಿ, "ವಾಸನಿ ಚಲೋ ಐತಿ. ಆದ್ರ ಹೋದ ವಾರ ಬಂದಾಂವ ಒಂದು ತಗೊಂಡ್ರ ಒಂದು ಪುಕಟ ಕೊಟ್ಟಿದ್ನಪಾ" ಅಂದಳು. ಇದು ವ್ಯಾಪಾರವಲ್ಲ, ಸೇವೆ ಎಂದು ಹುಡುಗರು ಎಷ್ಟು ಹೇಳಿದರೂ ಅಜ್ಜಿ ದರ ಇಳಿಸಲು ಹೇಳುವುದನ್ನು ಬಿಡಲಿಲ್ಲ.

ಅಂದು ಸಂಜೆ ವೈನಿ ಟೋಪಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಬಾಯಿ ಕಟ್ಟಿದರು. "ಕೊಡಾಕ ಬಂದೇವಿ ಅಂತ ನಿಂತ್ರ ನಾವು ಮ್ಯಾಲೆ, ಅವರು ಕೆಳಗ. ನಾಳಿಂದ ನಾವು ಇಸ್ಕೊಳ್ಳಾಕ ಹೋಗೋಣು. ಬೇಡಿಕೆ ಮೊದಲ, ಪೂರೈಕೆ ಆಮ್ಯಾಲೆ" ಎಂದರು. ಅರ್ಥಶಾಸ್ತ್ರವನ್ನು ಹೀಗೂ ಓದಬಹುದೆಂದು ಅದನ್ನು ಬರೆದವರಿಗೂ ಗೊತ್ತಿರಲಿಕ್ಕಿಲ್ಲ. ಅಲ್ಲಿಂದ ಇದೇ ನಿಯಮ. ಶಿಬಿರದ ಮೊದಲ ಬೆಳಿಗ್ಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಗುರುತಿಲ್ಲದ ಒಂದು ಮನೆಗೆ ಹೋಗಿ, ತನಗೆ ಖರೇನೇ ಬೇಕಾಗಿರುವುದನ್ನು ಕೇಳಿ ತರಬೇಕು.

"ನಾಚಿಕಿ ಬರ್ತೈತ್ರಿ ಮೇಡಂ" ಎಂದು ಒಬ್ಬ ಹುಡುಗಿ ಗೋಗರೆದಳು.

"ಬರ್ಲಿ. ನಾಚಿಕಿ ಬರಲಾರದವರು ಲೀಡರ್ ಆಗಿ ಏನ್ ಮಾಡ್ಯಾರು?" ಎಂದರು ವೈನಿ. ಈ ಮಾತು ನೇರವಾಗಿ ನಮ್ಮ ರಾಜಕಾರಣಿಗಳಿಗೆ ಹೋಗಿ ಮುಟ್ಟುತ್ತದೆಂದು ನಾನು ಕೆಮ್ಮಿದೆ. ಅವರು ನನ್ನತ್ತ ನೋಡಲಿಲ್ಲ.

ದೇವರಗುಡ್ಡದ ಶಿಬಿರಕ್ಕೆ ಹಾವೇರಿಯ ಡಾಕ್ಟರೊಬ್ಬರ ಮಗ ಬಂದಿದ್ದ. ಓದುವುದು ಬಿ.ಕಾಂ., ಅಪ್ಪನ ದವಾಖಾನೆಯ ಹೆರಿಗೆ ವಾರ್ಡಿನ ಕಡೆ ತಲೆ ಹಾಕಿಯೂ ನೋಡಿದವನಲ್ಲ. ಅಡುಗೆಯವರು ಉಪ್ಪು ಮರೆತಿದ್ದರಿಂದ ವೈನಿ ಇವನನ್ನು ಉಪ್ಪು ಕೇಳಿ ತರಲು ಅಟ್ಟಿದರು. ಅವನು ಅಂಗೈ ಚಾಚಿದರೆ ಮನೆಯಾಕೆ ಉಪ್ಪಿನ ಬಟ್ಟಲನ್ನು ನೆಲದ ಮೇಲಿಟ್ಟಳು. ಹುಡುಗನ ಮುಖ ಕೆಂಪಾಯಿತು. "ಸಿಟ್ ಆಗಬ್ಯಾಡೋ ತಮ್ಮಾ, ಉಪ್ಪು ಕೈಯಾಗ ಕೊಟ್ರ ಜಗಳಾ ಆಗ್ತೈತಿ. ನೀನೂ ನಾನೂ ಇನ್ನ ಮಾತಾಡೇ ಇಲ್ಲ, ಈಗ್ಲೇ ಯಾಕ ಜಗಳಾ?" ಎಂದು ಅವಳು ನಗಾಡಿದಳು. ಮಧ್ಯಾಹ್ನದ ಊಟ ನಮಗೆ ಸಪ್ಪಗೆ ಆಯಿತು. ಹುಡುಗ ಬಂದದ್ದು ಸಂಜೆಗೆ, ಅಂಗಿಗೆಲ್ಲ ಸಗಣಿ ಬಡಿದುಕೊಂಡು, ಬರಿಗೈಯಲ್ಲಿ.

"ಉಪ್ಪು ಎಲ್ಲೋ?"

"ಮರತೇನ್ರಿ ಮೇಡಂ. ಅವರ ಎಮ್ಮಿ ಈಯಾಕತ್ತಿತ್ತು. ಮನ್ಯಾಗ ಗಂಡಸರು ಯಾರೂ ಇದ್ದಿಲ್ಲ. ಹಿಡೀ ಅಂದ್ರು, ಹಿಡದೆ."

ಮೂರು ವರ್ಷಗಳ ಬಿ.ಕಾಂ.ನಲ್ಲಿ ಅವನ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಮರುದಿನ ಆ ಮನೆಯಿಂದ ಗಿಣ್ಣ ಬಂತು. ಅದರ ಬೆನ್ನಿಗೇ ಓಣಿಯ ಮಂದಿ ಸಲಿಕೆ, ಬುಟ್ಟಿ ಹಿಡಿದು ಬಂದು, "ಗಟಾರ ಬಳಿಯೋಣು ಬರ್ರಿ" ಎಂದು ತಾವಾಗಿಯೇ ನಮ್ಮನ್ನು ಚರಂಡಿಯ ಕೆಲಸಕ್ಕೆ ಕರೆದೊಯ್ದರು.

ಇನ್ನು ಬ್ಯಾಡಗಿ. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಹತ್ತಿರ ಕೂತು, ಆ ಕೆಲಸವನ್ನು ಕೇಳಿ ಕಲಿಯಬೇಕೆಂಬುದು ವೈನಿಯ ಯೋಜನೆ. ಅದೇ ದಿನ ಮೇಲಧಿಕಾರಿಯೊಬ್ಬರು ನಾಯಕತ್ವದ ಬಗ್ಗೆ ಮಾತಾಡಲು ಬಂದರು. ಕೆಂಪು ರಾಶಿಗಳ ನಡುವೆ ನಿಂತು, "ನಾಯಕನಾದವನು ಎಂಥ ಪರಿಸ್ಥಿತಿಯಲ್ಲೂ..." ಎಂದವರೇ ಸೀನತೊಡಗಿದರು. ಪರಿಸ್ಥಿತಿ ಯಾವುದೆಂದು ಕಡೆಗೂ ತಿಳಿಯಲಿಲ್ಲ. ಹಮಾಲರೊಬ್ಬರು ತಮ್ಮ ಹೆಗಲ ಮೇಲಿನ ಟವೆಲ್ ಒದ್ದೆ ಮಾಡಿ ತಂದುಕೊಟ್ಟು, "ಮೂಗಿಗೆ ಕಟ್ಕೋರಿ ಸಾಹೇಬ್ರ. ಬಂದಕೂಡ್ಲೆ ಕೇಳಿದ್ರ ಆಗ್ಲೇ ಕೊಡ್ತಿದ್ವಿ" ಎಂದರು. ವೈನಿ ಹುಡುಗರ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಮಾತ್ರ ನಗಲಿಲ್ಲ. ತೊಟ್ಟು ಬಿಡಿಸಿದ ಕೈಯಲ್ಲಿ ಕಣ್ಣುಜ್ಜಿಕೊಂಡು ಮೂಲೆಯಲ್ಲಿ ಅಳುತ್ತಿದ್ದೆ.

ಇಂಥ ವೈನಿ, ತಮಗಾಗಿ ಎಂದೂ ಯಾರ ಬಳಿಯೂ ಒಂದು ಲೋಟ ನೀರು ಕೇಳಿದವರಲ್ಲ. ಅಣ್ಣ ತೀರಿಕೊಂಡ ಮೇಲೆ ಹಾವೇರಿಯ ಮನೆಯಲ್ಲಿ ಒಬ್ಬರೇ; ಅಲ್ಲಿಂದಲೇ ದಿನಾ ಕಾಲೇಜಿಗೆ ಬಂದು ಹೋಗುತ್ತಾರೆ. ಮಕ್ಕಳಿಲ್ಲ. ನಾವು ಇರುವುದು ರಾಣೆಬೆನ್ನೂರಿನಲ್ಲಿ, ಬಸ್ಸು ಹತ್ತಿದರೆ ಬಂದುಬಿಡುವಷ್ಟು ದೂರ. ಆದರೂ ಗ್ಯಾಸ್ ಸಿಲಿಂಡರನ್ನು ತಾವೇ ಉರುಳಿಸಿಕೊಂಡು ಮೆಟ್ಟಿಲು ಹತ್ತಿಸುತ್ತಾರೆ. ಒಮ್ಮೆ ಬೇಸಿಗೆ ರಜೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು, ಕಂಡಕ್ಟರನೊಂದಿಗೆ ಚಿಲ್ಲರೆಗಾಗಿ ವಾದಿಸುತ್ತ ಬಸ್ಸಿನಲ್ಲಿ ಮನೆಗೆ ಹೋಗಿದ್ದರಂತೆ! ನಮಗೆ ಗೊತ್ತಾದದ್ದು ಪಟ್ಟಿ ಬಿಚ್ಚಿದ ಮೇಲೆ. ನನ್ನ ಹೆಂಡತಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಾವೇನ್ ಪರಕೀಯರಾ ವೈನಿ? ಒಂದು ಫೋನ್ ಮಾಡಾಕ ಏನಾಗಿತ್ತು?" ಎಂದಳು. "ನಿಮಗ್ಯಾಕ ಸುಮ್ನ ತ್ರಾಸು" ಎಂದು ವೈನಿ ಮಾತು ಮುಗಿಸಿದರು.

ಹೀಗಾಗಿ ಪ್ರಾಚಾರ್ಯರ ಗಡುವು ಹತ್ತಿರ ಬಂದಂತೆ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ನಾಟಕವೇ ಶುರುವಾಯಿತು. ವೈನಿ ಹೊತ್ತು ನೋಡಿ ಒಬ್ಬೊಬ್ಬರ ಪಕ್ಕ ಬಂದು ಕೂಡುವರು. ಕೂತ ತಕ್ಷಣ ಇತಿಹಾಸದವರಿಗೆ ಬೆನ್ನುನೋವು ಬರುವುದು. ವೈನಿ ಗಂಟಲು ಸರಿಮಾಡಿಕೊಂಡು, "ಸರ, ನಿಮ್ಮನ್ನ ಒಂದು ಕೇಳಬೇಕಂತ..." ಎಂದು ನಿಲ್ಲಿಸುವರು. ರೂಮಿಗೆ ರೂಮೇ ಉಸಿರು ಹಿಡಿಯುವುದು. "...ಇವತ್ತ ಡಬ್ಬ್ಯಾಗ ಏನ್ ಪಲ್ಯಾ?" ಎನ್ನುವರು. ಬದನೆಕಾಯಿ ಎಂದು ಉತ್ತರ ಬರುವುದು, ಎಲ್ಲರ ಜೀವ ಮರಳಿ ಬರುವುದು. ನನ್ನನ್ನು ಕೇಳಿದರೆ ಮುಂದೆ ಹಿಡಿಯಲು ನಾನೂ ಬಿ.ಪಿ.ಯ ನೆಪ ಸಿದ್ಧವಾಗಿಟ್ಟುಕೊಂಡಿದ್ದೆ. ಆದರೆ ಅವರು ನನ್ನ ಪಕ್ಕಕ್ಕೆ ಬರಲೇ ಇಲ್ಲ. ಆ ಹುಡುಗರು, ಆ ಶಿಬಿರ ಎಲ್ಲ ಹೀಗೆಯೇ ನಿಂತುಹೋಗುತ್ತದಲ್ಲ ಎಂದು ನನಗೂ ಅನಿಸುತ್ತಿತ್ತು.

ಗಡುವಿನ ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಉಂಡು ನಾನು ಅಡ್ಡಾಗಿದ್ದೆ. ಬಾಗಿಲಲ್ಲಿ ವೈನಿ! ಕುರ್ಚಿಯ ತುದಿಯಲ್ಲಿ ಕೂತು ಬಿಸಿಲಿನ ಬಗ್ಗೆ ಮಾತಾಡಿದರು. ಬ್ಯಾಡಗಿಯ ಹಪ್ಪಳದ ಬಗ್ಗೆ ಮಾತಾಡಿದರು. ಚಹಾ ಕುಡಿದು ಎದ್ದರು. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋದವರು ಹೊಳ್ಳಿ ಬಂದು, ಹೊಸ್ತಿಲ ಹೊರಗೇ ನಿಂತರು.

"ಒಂದು ಕೇಳೋದಿತ್ತು."

ಒಳಗೆ ಹೆಂಡತಿ ಮಿಕ್ಸರ್ ಬಂದ್ ಮಾಡಿದಳು.

"ಕಾರ್ಯಕ್ರಮಾ ನೀ ನಡಸ್ತೀಯೇನು? ಆಗಂಗಿಲ್ಲಂದ್ರ ಇಲ್ಲ ಅನ್ನು, ನನಗೇನ್ ಬ್ಯಾಸರಿಲ್ಲ."

ಬಿ.ಪಿ. ಎಲ್ಲಿ ಹೋಯಿತೋ! "ನಡಸ್ತೇನಿ ವೈನಿ" ಎಂದೆ. "ಇದನ್ನ ಕೇಳಾಕ ಇಷ್ಟ್ ದಿನಾ ಬೇಕಾತೇನು? ಹುಡುಗರಿಗೆಲ್ಲ ನೀವ ಕಲಿಸಿದ ವಿದ್ಯಾ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನನಗ ಬರಂಗಿಲ್ಲ ಅಂತನ ಅವರಿಗೆ ಕಲಿಸಿದೆ. ಅವರಿಗರ ಬರ್ಲಿ ಅಂತ" ಎಂದರು. ನೆಲ ನೋಡುತ್ತ ಹೇಳಿದರು: "ನಿಮ್ಮಣ್ಣ ತೀರಿಕೊಂಡ ವರ್ಷ ದಸರಾ ಸೂಟ್ಯಾಗ ನಿಮ್ಮ ಓಣಿ ತಿರುವಿನ ತನಕಾ ಬಂದಿದ್ದೆ. ಉಡೋ ಅರಿವಿ ತುಂಬಿದ ಚೀಲಾನೂ ತಂದಿದ್ದೆ. ಮನ್ಯಾಗ ಒಬ್ಬಾಕಿಗೇ ಇರಾಕ ಆಗವಲ್ದು, ನಾಕ್ ದಿನಾ ಇಲ್ಲೇ ಇರ್ಲೇನು ಅಂತ ಕೇಳೋದಿತ್ತು. ಬಾಯಿ ಬರ್ಲಿಲ್ಲ. ಹೊಳ್ಳಿ ಬಸ್ ಹತ್ತಿದೆ."

ಹೆಂಡತಿ ಅಡುಗೆಮನೆಯಿಂದ ಬಂದವಳು ವೈನಿಯ ಭುಜದ ಮೇಲಿದ್ದ ಕೈಚೀಲವನ್ನು ತೆಗೆದುಕೊಂಡು ಒಳಕೋಣೆಗೆ ಒಯ್ದಳು. ವೈನಿ ಅವಳು ಹೋದ ದಿಕ್ಕನ್ನೇ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇರ್ಲೇನು?" ಎಂದು ಕೇಳಿದರು.