ಒರಿಜಿನಲ್ ಅಂತ ಹೇಳಿದ್ಯಾರು?

ನಮ್ಮ ಚಿಕ್ಕಪ್ಪನಿಗೆ ದೇವರ ಮೇಲೆ ಅಪಾರ ಭಕ್ತಿ. ನಂಬಿಕೆ ಮಾತ್ರ ಇಲ್ಲ! ಮಾರೇನಹಳ್ಳಿಯ ದೇವಸ್ಥಾನದಲ್ಲಿ ತೀರ್ಥಕ್ಕೆ ಕೈಯೊಡ್ಡಿ, "ಸ್ವಾಮಿ, ಇದು ಕಾವೇರಿನೋ ಬೋರ್‌ವೆಲ್ಲೋ?" ಎಂದು ಕೇಳಿದ ಭಕ್ತರು ಈ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

ತಪ್ಪು ಅವರದಲ್ಲ, ಮಾಡಿದ ನೌಕರಿಯದು. ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಸವೆದ ಭಾಗಗಳಿಗೆ ಬದಲಾಗಿ ಬರುವ ವಾಲ್ವು, ಗ್ಯಾಸ್ಕೆಟ್ಟು, ಬೋಲ್ಟುಗಳನ್ನು ಅನುಮಾನಿಸುವುದೇ ಅವರ ಕೆಲಸವಾಗಿತ್ತು. ಹಳೆಯದನ್ನು ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿರುತ್ತದೆ. ಇನ್ಯಾರೋ ಬಂದು "ಥೇಟ್ ಅದೇ ಸಾರ್" ಎನ್ನುತ್ತಾರೆ. ಅದನ್ನು ಕಾಯಿಸಿ, ಒತ್ತಿ, ಜಗ್ಗಿ, ಎಲ್ಲ ಮುಗಿದ ಮೇಲೂ ಚಿಕ್ಕಪ್ಪ ಇನ್ನೊಮ್ಮೆ ಮೂಸಿ ನೋಡುತ್ತಿದ್ದರಂತೆ. ಅನುಮಾನಪಡುವುದಕ್ಕೇ ಸಂಬಳ ಕೊಟ್ಟರೆ ಮನುಷ್ಯ ಏನಾದಾನು ಹೇಳಿ!

ನಿವೃತ್ತರಾದ ಮೇಲೆ ಒಮ್ಮೆ ಕುಕ್ಕರ್ ಗ್ಯಾಸ್ಕೆಟ್ ಕೊಳ್ಳಲು ನನ್ನನ್ನು ವಿಜಯನಗರಕ್ಕೆ ಎಳೆದುಕೊಂಡು ಹೋದರು. ಅಂಗಡಿಯವನು "ಒರಿಜಿನಲ್ ಸಾರ್" ಅಂದ.

"ಹೇಳಿದ್ಯಾರು?"

"ಬಾಕ್ಸ್ ಮೇಲೇ ಬರ್ದಿದೆ ನೋಡಿ."

"ಬಾಕ್ಸ್ ಒರಿಜಿನಲ್ ಅಂತ ಹೇಳಿದ್ಯಾರು?"

ಅವನು ಕೈಮುಗಿದ. "ಸಾರ್, ಇದ್ರಲ್ಲಿ ಅನ್ನ ಆದ್ರೆ ಸಾಕಲ್ವಾ? ಇಡೀ ವಿಜಯನಗರಕ್ಕೆ ಕರೆಂಟ್ ಕೊಡ್ಬೇಕಾ?"

ಚಿಕ್ಕಮ್ಮ ಆಮೇಲೆ ಬಹಳ ದಿನ ಗಂಜಿ ಬಸಿದೇ ಅನ್ನ ಮಾಡಿದರು.

ಇದೆಲ್ಲ ನಮಗೆ ತಮಾಷೆಯಾಗಿಯೇ ಇತ್ತು. ಆದರೆ ಚಿಕ್ಕಮ್ಮನ ಹೃದಯದ ವಾಲ್ವೇ ಕೆಟ್ಟಿತು. ಬೇಗ ಬದಲಾಯಿಸದಿದ್ದರೆ ಜೀವಕ್ಕೆ ಅಪಾಯ ಎಂದರು ರಾಜಾಜಿನಗರದ ಡಾಕ್ಟರು. "ಒಳ್ಳೆ ವಾಲ್ವ್ ಸಾರ್, ಎಲ್ರಿಗೂ ಇದನ್ನೇ ಹಾಕ್ತೀವಿ."

"ಎಲ್ರಿಗೂ ಹಾಕೋದು ನನ್ನ ಹೆಂಡ್ತಿಗೆ ಸರಿಹೋಗುತ್ತೆ ಅಂತ ಹೇಳಿದ್ಯಾರು?"

ಅಲ್ಲಿಂದ ಬಸವೇಶ್ವರನಗರದ ಡಾಕ್ಟರು, ಅಲ್ಲಿಂದ ಕೆಂಗೇರಿಯವರು. ಇತ್ತ ಚಿಕ್ಕಮ್ಮ ಅಡುಗೆಮನೆಯಿಂದ ಹಾಲ್‌ಗೆ ಬರುವಷ್ಟರಲ್ಲಿ ಏದುಸಿರು ಬಿಟ್ಟು ಕೂತುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಚಿಕ್ಕಮ್ಮನೇ ಕೇಳಿದರು.

"ರೀ, ನಿಮ್ ಸ್ಥಾವರದಲ್ಲಿ ಒಳ್ಳೆ ವಾಲ್ವ್ ಸಿಗೋವರ್ಗೂ ಏನ್ಮಾಡ್ತಿದ್ರಿ?"

"ಸ್ಥಾವರ ನಿಲ್ಲಿಸ್ತಿದ್ವಿ ಕಣೇ."

"ಹಂಗಾದ್ರೆ ನನ್ನೂ ನಿಲ್ಲಿಸ್ತೀರಾ?"

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ರಾಜಾಜಿನಗರಕ್ಕೆ ಹೋಗಿ ಆಪರೇಷನ್‌ಗೆ ಒಪ್ಪಿ ಬಂದರು.

ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರು, "ಚೆನ್ನಾಗಾಯ್ತು ಸಾರ್. ಹೊಸ ವಾಲ್ವ್ ಸರಿಯಾಗಿ ಕೆಲ್ಸ ಮಾಡ್ತಿದೆ," ಎಂದರು. ಹೇಳಿದ್ಯಾರು ಎಂದು ಕೇಳಿಯೇ ಬಿಡುತ್ತಾರೆಂದು ನಾನು ಕಣ್ಣುಮುಚ್ಚಿಕೊಂಡೆ.

"ಹಳೇದೆಲ್ಲಿ?" ಎಂದರು ಚಿಕ್ಕಪ್ಪ.

ಸ್ಥಾವರದಲ್ಲಿ ಅದೊಂದು ಪದ್ಧತಿಯಂತೆ. ಬಿಚ್ಚಿದ ಭಾಗವನ್ನು ಸುಮ್ಮನೆ ಎಸೆಯುವ ಹಾಗಿಲ್ಲ, ಯಾಕೆ ಕೆಟ್ಟಿತೆಂದು ನೋಡಬೇಕು. ಡಾಕ್ಟರು ತಬ್ಬಿಬ್ಬಾದರು. "ಅದನ್ನ ನೋಡಿ ಏನ್ಮಾಡ್ತೀರಾ ಸಾರ್? ಪೂರ್ತಿ ಕೆಟ್ಟೋಗಿತ್ತು."

"ಕೆಡದೇ ಇರುತ್ತಾ ಡಾಕ್ಟ್ರೇ?" ಎಂದರು ಚಿಕ್ಕಪ್ಪ. "ಇಷ್ಟು ವರ್ಷ ನನ್ ಜೊತೆ ಏಗಿದೆ ಅದು. ಒಂದ್ಸಲ ತೋರ್ಸಿ, ಕೈಮುಗಿದ್ಬಿಡ್ತೀನಿ."