ಕಾಫಿ ಗಿಡದ ಪಕ್ಕ ನಿಂತವಳ ಅಹವಾಲು

ನಮ್ಮ ಯಜಮಾನರ ಅಂಗಿಜೇಬಿನಲ್ಲಿ, ಅವರ ಎದೆಗೆ ನನಗಿಂತ ಹತ್ತಿರ ವಾಸವಾಗಿರುವ ಮೊಬೈಲ್ ಕ್ಯಾಮೆರಾದವರಿಗೆ ಬಾಳೂರಿನ ಕಾಫಿ ಬೆಳೆಗಾರ ಕೃಷ್ಣಪ್ಪನವರ ಮಡದಿ ನಂಜಮ್ಮ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಚಾರ್ಜರ್ ಸಮೇತ ಕ್ಷೇಮವೆಂದು ನಂಬಿದ್ದೇನೆ. ನನ್ನ ಮುಖವನ್ನು ಊರವರ ವಾಟ್ಸಾಪಿಗೆಲ್ಲ ಹಂಚಿರುವುದರಿಂದ ಈ ಪತ್ರವೂ ಬಹಿರಂಗವಾಗಿಯೇ ಇರಲಿ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನೆಂಟರ ಮನೆಗಲ್ಲದೆ, ಗೊಬ್ಬರದಂಗಡಿಗಲ್ಲದೆ, ಬರೀ ನೋಡಿಕೊಂಡು ಬರಲೆಂದು ನಾವಿಬ್ಬರೇ ಹೊರಟದ್ದು ಕಳೆದ ಭಾನುವಾರ, ಬಾಡಿಗೆ ಜೀಪಿನಲ್ಲಿ, ಕಳಸದ ಕಡೆಗೆ. ಯಜಮಾನರ ಪಕ್ಕ ಕೂತು, ಮಾತಾಡುತ್ತ ಗುಡ್ಡ ನೋಡಬೇಕೆಂಬುದೊಂದೇ ನನ್ನ ಆಸೆ. ತಾವೂ ಬರುತ್ತೀರೆಂದು ಯಾರೂ ಹೇಳಿರಲಿಲ್ಲ.

ತಮ್ಮ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಸಾಲದು. ಬೇರೆಯವರು ತಮ್ಮಿಂದ ಜಲಪಾತ ತೆಗೆಸುತ್ತಾರಂತೆ. ಬೆಳೆಗಾರರ ಕೈಗೆ ಸಿಕ್ಕ ತಾವು ದಾರಿಯುದ್ದಕ್ಕೂ ಕಂಡವರ ಕಾಫಿ ತೋಟ ತೆಗೆದಿರಿ. ಹೂಮಳೆ ಬಿದ್ದು ನಮ್ಮ ತೋಟವೂ ಬೆಳ್ಳಗೆ ಅರಳಿ ಘಮಘಮ ಎನ್ನುತ್ತಿತ್ತು, ಆದರೂ ತಿರುವಿಗೊಮ್ಮೆ ಜೀಪು ನಿಂತಿತು. "ಗಿಡದ ಪಕ್ಕ ನಿಲ್ಲು ಮಾರಾಯ್ತಿ, ಎಷ್ಟೆತ್ತರ ಬಂದಿದೆ ಅಂತ ಗೊತ್ತಾಗ್ಲಿ" ಎಂದರು ಯಜಮಾನರು. ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಅಳತೆಕೋಲಿನ ಹುದ್ದೆ ಕೊಡಿಸಿದ ತಮ್ಮ ಉಪಕಾರವನ್ನು ಹೇಗೆ ತೀರಿಸಲಿ!

ಅಂತೂ ಗುಡ್ಡದ ನೆತ್ತಿ ತಲುಪಿದೆವು. ಮಂಜು ಸರಿದು ಕಣಿವೆಯೆಲ್ಲ ತೆರೆದುಕೊಂಡಿತೆಂದು ಜೀಪಿನ ಡ್ರೈವರ್ ಕುಮಾರ್ ಕೂಗಿದ. ನಾನು ಅಪ್ಪಣೆಯಂತೆ ತಮ್ಮ ಕಡೆ ಮುಖಮಾಡಿ ಹಲ್ಲು ಕಿರಿಯುತ್ತಿದ್ದುದರಿಂದ ಅದು ನನ್ನ ಬೆನ್ನಿಗೆ ಚೆನ್ನಾಗಿ ಕಂಡಿರಬೇಕು. ತಿರುಗುವಷ್ಟರಲ್ಲಿ ಮತ್ತೆ ಮಂಜು. ನನಗೆ ಅಳುವೇ ಬಂತು. "ಚೆನ್ನಾಗ್ ಬಂದಿದೆ, ಮನೇಲಿ ನೋಡಿದ್ರಾಯ್ತು ಬಿಡು" ಎಂದು ಯಜಮಾನರು ಸಮಾಧಾನ ಹೇಳಿದರು.

ಆದ್ದರಿಂದ ಸವಿನಯ ಪ್ರಾರ್ಥನೆ: ನನ್ನ ಬೆನ್ನಿಗೆ ಎರಡು ಕಣ್ಣು ಮಂಜೂರು ಮಾಡಿಸಬೇಕು, ಇಲ್ಲವೇ ಫೋಟೊ ಮುಗಿಯುವ ತನಕ ನಿಂತಲ್ಲೇ ನಿಂತಿರುವಂತೆ ಮಂಜಿಗೆ ತಾವೇ ತಾಕೀತು ಮಾಡಬೇಕು. ಹೂವಿನ ಘಮವೊಂದು ತಮಗೆ ಸಿಗದೆ ಹೋಯಿತೆಂದು ಮರುಕವೂ ಇದೆ.

ಮನೆಯಲ್ಲಿ ನೋಡಿದೆ. ಎಲ್ಲದರಲ್ಲೂ ನಾನಿದ್ದೇನೆ, ಯಜಮಾನರು ಒಂದರಲ್ಲೂ ಇಲ್ಲ. ಪಕ್ಕದ ಮನೆಯ ದಿವ್ಯಾ ಅವನ್ನೆಲ್ಲ ನೋಡಿ, "ಒಬ್ರೇ ಹೋಗಿದ್ರಾ ಅತ್ತೆ?" ಎಂದು ಕೇಳಿದಳು. ಹೌದು ಎಂದೆ.

ಸದಾ ತಮಗೆ ಬೆನ್ನು ತೋರಿಸಲು ಹಂಬಲಿಸುವ,
ತಮ್ಮ ವಿಶ್ವಾಸಿ,
ನಂಜಮ್ಮ

ತಾ.ಕ.: ಬರುವ ಭಾನುವಾರ ಮತ್ತೆ ಹೋಗುತ್ತಿದ್ದೇವೆ. ತಾವು ಅಕ್ಕಿ ಡಬ್ಬದೊಳಗೆ ಸುಖವಾಗಿ ವಿಶ್ರಮಿಸಬೇಕು. ಕೈ ಬರಿದಾಗಿ ಯಜಮಾನರಿಗೆ ಏನು ಹಿಡಿಯಲೆಂದು ಗಾಬರಿಯಾದರೆ ತಾವೇನೂ ಚಿಂತಿಸಬೇಡಿ, ನನ್ನ ಕೈ ಕೊಡುತ್ತೇನೆ.